ಎರಡು ಕೃಷಿ ಶಾಲೆಗಳ ನಡುವೆ ನಮ್ಮ ವಿದ್ಯಾರಣ್ಯಪುರ

ವಿದ್ಯಾರಣ್ಯಪುರದಲ್ಲಿ ನಾವು ಮನೆ ಮಾಡಿ ಹದಿನೆಂಟು ವರ್ಷವಾಯಿತು. ಬೆಳಿಗ್ಗೆ ದೊಡ್ಡಬೊಮ್ಮಸಂದ್ರ ಕೆರೆಯ ಕಡೆ ಒಂದು ಸುತ್ತು ವಾಕಿಂಗ್, ವಾಪಸ್ ಬರುವಾಗ ರಸ್ತೆ ಬದಿಯ ಸೊಪ್ಪಿನ ಅಜ್ಜಿಯ ಹತ್ತಿರ ಎರಡು ಕಟ್ಟು ದಂಟು, ಒಂದು ಕಟ್ಟು ಸಬ್ಬಸಿಗೆ. ಇದು ನನ್ನ ದಿನಚರಿ. ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳ ನೌಕರರು ಸೈಟು ಮಾಡಿಕೊಂಡು ಬೆಳೆಸಿದ ಊರು ಇದು. ಈಗ ಸಾಫ್ಟ್‌ವೇರ್‌ನವರೂ ತುಂಬಿಕೊಂಡಿದ್ದಾರೆ. ಕಾಳಿಕಾ ದುರ್ಗಾಪರಮೇಶ್ವರಿ ದೇವಸ್ಥಾನಕ್ಕೆ ಬರುವ ನೆಂಟರಿಗೆಲ್ಲ ‘ನಮ್ಮ ಏರಿಯಾದಲ್ಲಿ ನೋಡೋಕೆ ಇನ್ನೇನಿದೆ, ಮನೆಗಳೇ ಮನೆಗಳು’ ಅಂತ ನಾನೇ ಹೇಳುತ್ತಿದ್ದೆ.

ಆ ಮಾತು ತಪ್ಪು ಅಂತ ಗೊತ್ತಾಗಿದ್ದು ನಮ್ಮ ಚಿಕ್ಕಪ್ಪನಿಂದ. ನಮ್ಮ ಬಡಾವಣೆ ಎರಡು ದೊಡ್ಡ ಕೃಷಿ ಶಾಲೆಗಳ ನಡುವೆ ಕೂತಿದೆ. ಪೂರ್ವಕ್ಕೆ ತಿಂಡ್ಲು ಹಾದು, ರೈಲು ಹಳಿ ದಾಟಿ, ಕೊಡಿಗೇಹಳ್ಳಿ ಮೇಲೆ ಬಳ್ಳಾರಿ ರಸ್ತೆ ಸೇರಿದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ನಾವೆಲ್ಲ ಜಿಕೆವಿಕೆ ಅನ್ನುವ ಕೃಷಿ ವಿಶ್ವವಿದ್ಯಾಲಯ. ಪಡುವಣಕ್ಕೆ ಅಬ್ಬಿಗೆರೆ, ಚಿಕ್ಕಬಾಣಾವರ ದಾಟಿ ಮುಂದಕ್ಕೆ ಹೋದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಜಿಕೆವಿಕೆ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಮರಗಳು ಜಾಸ್ತಿ, ಏರ್‌ಪೋರ್ಟಿಗೆ ಹೋಗುವಾಗ ಎಡಗಡೆ ಸಿಗುತ್ತೆ. ರೈತನ ಮನೆಯಲ್ಲಿ ಹುಟ್ಟಿದವಳು ನಾನು, ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ.

ಹೊಲಕ್ಕೆ ಬಂದ ಬ್ರೋಕರ್

ನಮ್ಮ ತವರು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿ. ಚಿಕ್ಕಪ್ಪನ ಪಾಲಿಗೆ ಬಂದಿರುವುದು ಎರಡು ಎಕರೆ ಹತ್ತು ಗುಂಟೆ. ಬೋರ್‌ವೆಲ್ ನಿಂತು ಆರು ವರ್ಷವಾಗಿದೆ. ಮಳೆ ನಂಬಿ ರಾಗಿ ಹಾಕುತ್ತಾರೆ, ಒಂದು ಹಸು ಇದೆ, ಹಾಲು ಡೈರಿಗೆ ಹೋಗುತ್ತೆ. ಮಗ, ಅಂದರೆ ನನ್ನ ತಮ್ಮ, ಸಾಲ ಮಾಡಿ ಕಾರು ತಗೊಂಡು ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ. ಕಾರಿನ ಇಎಂಐ ತಿಂಗಳು ತಿಂಗಳು ತಪ್ಪದೆ ಬರುತ್ತೆ, ಮಳೆ ಹಾಗೆ ಬರಲ್ಲ.

ಹೋದ ವರ್ಷದ ಹಿಂದಿನ ವರ್ಷ ದೀಪಾವಳಿ ಹೊತ್ತಿಗೆ ಒಬ್ಬ ಬ್ರೋಕರ್ ಬಂದು ಹೊಲ ನೋಡಿಕೊಂಡು ಹೋದ. ಅಡ್ವಾನ್ಸ್ ಕೊಡೋಕೂ ರೆಡಿ. ಅವನು ಹೇಳಿದ ಮೊತ್ತ ಚಿಕ್ಕಪ್ಪ ಇಡೀ ಜನ್ಮ ರಾಗಿ ಬೆಳೆದರೂ ನೋಡಲಾಗದ ದುಡ್ಡು. ತಮ್ಮ ಮಾರಿಬಿಡೋಣ ಅಂದ. ಚಿಕ್ಕಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಚಿಕ್ಕಪ್ಪ ನನಗೆ ಫೋನ್ ಮಾಡಿದರು.

"ಮಗಾ, ನಿಮ್ಮನೆ ಹತ್ರಾನೇ ಕೃಷಿ ಮೇಳ ಅಂತಲ್ಲವ್ವಾ. ಊರಿಂದ ಎಲ್ರೂ ಬಸ್ಸು ಮಾಡ್ಕಂಡು ಬತ್ತಾವ್ರೆ. ನಾನೂ ಬತ್ತೀನಿ. ಒಂದ್ ಕಿತ ನೋಡ್ಬುಟ್ಟು ಆಮೇಲೆ ಬ್ರೋಕರಿಗೆ ಏನಂತ ಹೇಳಾನ."

ಅರವತ್ತೆಂಟು ವರ್ಷದ ಮನುಷ್ಯ, ಅಷ್ಟು ವರ್ಷದಲ್ಲಿ ಒಮ್ಮೆಯೂ ಜಿಕೆವಿಕೆ ಗೇಟು ದಾಟಿರಲಿಲ್ಲ. ಪಕ್ಕದಲ್ಲೇ ಇದ್ದ ನಾನೂ ದಾಟಿರಲಿಲ್ಲ.

ಹಿಂದಿನ ದಿನ ಸಾಯಂಕಾಲವೇ ಬಂದು ಇಳಿದರು. ಮಾರನೆಯ ದಿನ ಬೆಳಿಗ್ಗೆ ನನ್ನ ಜೊತೆ ವಾಕಿಂಗಿಗೆ ಬಂದು ಸೊಪ್ಪಿನ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಹತ್ತು ನಿಮಿಷದಲ್ಲಿ ಇಬ್ಬರೂ ಹಳೇ ನೆಂಟರ ಥರ ಮಾತಾಡುತ್ತಿದ್ದರು. ಅಜ್ಜಿ ಈ ಕಡೆಯವರೇ ಅಂತ ನನಗೆ ಗೊತ್ತಿತ್ತು. ಆದರೆ ಆಕೆ ಕೈ ಚಾಚಿ ನಮ್ಮ ಬೀದಿಯ ಕಡೆ ತೋರಿಸಿ, "ಅಗೋ, ಈಯಮ್ಮನ ಮನೆ ಅದಲ್ಲ, ಆ ಸಾಲೆಲ್ಲ ನಮ್ಮ ರಾಗಿ ಹೊಲವೇ" ಅಂದಾಗ ನನಗೆ ಮಾತೇ ಹೊರಡಲಿಲ್ಲ.

"ಕೊಟ್ಟು ತಪ್ಪು ಮಾಡ್ದೆ ಅನ್ಸುತ್ತಾ?" ಅಂತ ಚಿಕ್ಕಪ್ಪ ನೇರವಾಗಿ ಕೇಳಿದರು.

"ತಪ್ಪು ಅಂತ ಯಾಕೆ ಹೇಳ್ಲಿ? ಮನೆ ಕಟ್ಟಿದ್ವಿ, ಎರಡು ಹೆಣ್ಣುಮಕ್ಕಳ ಮದುವೆ ಮಾಡಿದ್ವಿ. ಆದ್ರೆ ಅಣ್ಣಾ, ಆವಾಗ ಈ ಸೊಪ್ಪು ನಾನೇ ಬೆಳೀತಿದ್ದೆ. ಈಗ ಮಾರ್ಕೆಟ್ಟಿಂದ ಕೊಂಡು ತಂದು ಮಾರ್ತೀನಿ. ನಮ್ಮ ಹೊಲ ಏನೇನು ಕೊಡ್ತದೆ ಅಂತ ನಾವು ಯಾವತ್ತೂ ಲೆಕ್ಕ ಹಾಕ್ಲೇ ಇಲ್ಲ. ಕೊಂಡ್ಕಳೋನು ಹಾಕಿದ್ದ."

ಪ್ಲಾಸ್ಟಿಕ್ ಕವರಿನಲ್ಲಿ ಮಣ್ಣು

ಪ್ರತಿ ವರ್ಷ ನವೆಂಬರಿನಲ್ಲಿ ನಡೆಯುವ ಕೃಷಿ ಮೇಳಕ್ಕೆ ಜಾತ್ರೆ ಅನ್ನುವ ಮಾತೇ ಸರಿ. ತುಮಕೂರು, ಕೋಲಾರ, ರಾಮನಗರ, ಚಿಕ್ಕಬಳ್ಳಾಪುರ ಎಲ್ಲ ಕಡೆಯ ಬಸ್ಸುಗಳು. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಅಜ್ಜಂದಿರು, ಮಕ್ಕಳನ್ನು ಎತ್ತಿಕೊಂಡ ಸೊಸೆಯರು, ಟ್ರ್ಯಾಕ್ಟರಿನ ಮುಂದೆ ಸೆಲ್ಫಿ ತೆಗೆದುಕೊಳ್ಳುವ ಹುಡುಗರು. ಒಂದು ಕಡೆ ಯಂತ್ರಗಳು, ಇನ್ನೊಂದು ಕಡೆ ಕುರಿ, ಕೋಳಿ, ಮೀನು. ಮಹಿಳಾ ಸಂಘಗಳವರ ರಾಗಿ ಮಾಲ್ಟು, ಹಪ್ಪಳ, ಉಪ್ಪಿನಕಾಯಿ. ಹೊತ್ತಿಗೆ ಸರಿಯಾಗಿ ಮುದ್ದೆ ಊಟ. ಇದೆಲ್ಲದರ ಆಚೆ ಪ್ರಾತ್ಯಕ್ಷಿಕೆಯ ತಾಕುಗಳು ಇವೆ. ಅಲ್ಲಿ ಬೆಳೆ ನಿಂತೇ ಇರುತ್ತೆ. ಬೋರ್ಡು ಓದಿ, ತೆನೆ ಮುಟ್ಟಿ ನೋಡಬಹುದು.

ರಾಗಿ ತಾಕಿನ ಹತ್ತಿರ ಚಿಕ್ಕಪ್ಪ ನಿಂತುಬಿಟ್ಟರು. ಬೋರ್ಡಿನಲ್ಲಿ ‘ಜಿಪಿಯು-28’ ಅಂತ ಇತ್ತು. "ಇಪ್ಪತ್ತೆಂಟು! ನಾವು ಹಾಕೋದು ಇದೇ ಕಣವ್ವ. ಇದು ಹುಟ್ಟಿದ್ದು ಇಲ್ಲೇಯಾ?" ಬೆಂಕಿ ರೋಗವನ್ನು ತಡೆದುಕೊಳ್ಳುವ ಈ ತಳಿ ಬಂದಿದ್ದು ಇದೇ ಕ್ಯಾಂಪಸ್ಸಿನಿಂದ. ಇಪ್ಪತ್ತು ವರ್ಷದಿಂದ ಅದರ ಮುದ್ದೆ ಉಂಡವರಿಗೆ ಅದರ ತವರು ಗೊತ್ತಿರಲಿಲ್ಲ.

ಈಗ ನಗು ಬರುವ ಒಂದು ಸಂಗತಿ ಹೇಳಬೇಕು. ಮೇಳದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ಹೇಳಿಕೊಡುತ್ತಾರೆ ಅಂತ ಯಾರೋ ಹೇಳಿದ್ದಕ್ಕೆ ಚಿಕ್ಕಪ್ಪ ಊರಿಂದಲೇ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮಣ್ಣು ತಂದಿದ್ದರು. ಅಲ್ಲಿದ್ದ ವಿದ್ಯಾರ್ಥಿನಿಯ ಮುಂದೆ ಹೆಮ್ಮೆಯಿಂದ ಇಟ್ಟರು. ಕೃಷಿ ಪದವಿಯ ಕೊನೆಯ ವರ್ಷದ ಹುಡುಗಿ. ಕೆಲವು ತಿಂಗಳು ಹಳ್ಳಿಯಲ್ಲೇ ಉಳಿದು ರೈತರ ಜೊತೆ ಕೆಲಸ ಮಾಡಿ ಬಂದವಳು. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅವರ ಓದಿನಲ್ಲೇ ಅದು ಸೇರಿದೆಯಂತೆ. ಆಕೆ ಮಣ್ಣನ್ನು ಅಂಗೈಗೆ ಹಾಕಿಕೊಂಡು ಉಜ್ಜಿ ನೋಡಿದಳು.

"ಅಜ್ಜಾ, ಇದನ್ನ ಎಲ್ಲಿಂದ ತಗೊಂಡ್ರಿ?"

"ಹೊಲದಾಗಿಂದನೇ ಕಣವ್ವ. ಬದೀನ ಪಕ್ಕ, ತಿಪ್ಪೆಯಿಂದ ಈಚೆಗೆ."

"ಹಾಗಾದ್ರೆ ಇದು ನಿಮ್ಮ ತಿಪ್ಪೆಯ ರಿಪೋರ್ಟು ಕೊಡುತ್ತೆ ಅಜ್ಜಾ, ಹೊಲದ್ದಲ್ಲ."

ಸುತ್ತ ಇದ್ದವರೆಲ್ಲ ನಕ್ಕರು, ಚಿಕ್ಕಪ್ಪನೂ ನಕ್ಕರು. ಆಮೇಲೆ ಆಕೆ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ್ದನ್ನು ನಾನು ಮೊಬೈಲಿನಲ್ಲಿ ಬರೆದುಕೊಂಡೆ. ಹೊಲ ಇರುವ ಓದುಗರಿಗೆ ಉಪಯೋಗವಾಗಲಿ ಅಂತ ಇಲ್ಲೂ ಬರೆಯುತ್ತೇನೆ. ಬದು, ತಿಪ್ಪೆ, ಮರದ ನೆರಳು, ನೀರು ನಿಲ್ಲುವ ಜಾಗ ಬಿಟ್ಟುಬಿಡಬೇಕು. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಅರ್ಧ ಅಡಿ ಆಳಕ್ಕೆ ಇಂಗ್ಲಿಷಿನ ‘ವಿ’ ಆಕಾರದಲ್ಲಿ ಗುಂಡಿ ತೋಡಿ, ಗುಂಡಿಯ ಅಂಚಿನಿಂದ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಮಣ್ಣು ಕೆರೆದು ತೆಗೆಯಬೇಕು. ಎಲ್ಲವನ್ನೂ ಶುಭ್ರವಾದ ಬಟ್ಟೆಯ ಮೇಲೆ ಬೆರೆಸಿ, ವೃತ್ತ ಮಾಡಿ ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ಬಿಸಾಕಬೇಕು. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡುತ್ತಾ ಹೋಗಿ, ನೆರಳಲ್ಲಿ ಒಣಗಿಸಿ ಕಳಿಸಬೇಕು. ಇಷ್ಟಕ್ಕೆ ಬೇಕಾಗಿರುವುದು ಒಂದು ಸನಿಕೆ, ಒಂದು ಬಟ್ಟೆ, ಅರ್ಧ ದಿನ.

"ಎಷ್ಟು ಜಮೀನು ನಿಮ್ದು?" ಅಂತ ಆಕೆ ಕೇಳಿದಳು. ಚಿಕ್ಕಪ್ಪ ಹೇಳಿದರು. ಒಂದು ಹೆಕ್ಟೇರು ಅಂದರೆ ಎರಡೂವರೆ ಎಕರೆಗಿಂತ ಕಡಿಮೆ ಇದ್ದವರು ಸರ್ಕಾರದ ಲೆಕ್ಕದಲ್ಲಿ ಅತಿ ಸಣ್ಣ ರೈತರು, ಎರಡು ಹೆಕ್ಟೇರಿನ ತನಕ ಸಣ್ಣ ರೈತರು ಅಂತ ಆಕೆ ವಿವರಿಸಿದಳು. "ನಾವು ಸಣ್ಣೋರು ಅಂದ್ಕಂಡಿದ್ದೆ, ಅತಿ ಸಣ್ಣೋರಾಗ್ಬುಟ್ವಾ!" ಅಂದರು ಚಿಕ್ಕಪ್ಪ. ಆಮೇಲೆ ಆಕೆ ಹೇಳಿದ ಮಾತು ನಮಗೆ ಬಹಳ ಉಪಯೋಗಕ್ಕೆ ಬಂತು: "ಇಷ್ಟು ದೂರ ಯಾಕೆ ಬರ್ತೀರಾ ಅಜ್ಜಾ? ನಿಮ್ಮ ತಾಲ್ಲೂಕಲ್ಲೇ ಹಾಡೋನಹಳ್ಳೀಲಿ ಕೃಷಿ ವಿಜ್ಞಾನ ಕೇಂದ್ರ ಇದೆಯಲ್ಲ. ಅದೂ ನಮ್ಮದೇ ಯೂನಿವರ್ಸಿಟಿದು."

ಚಿಕ್ಕಪ್ಪ ತಲೆ ಕೆರೆದುಕೊಂಡರು. ಆ ಬೋರ್ಡಿನ ಮುಂದೆ ಎಷ್ಟೋ ಸಲ ಬಸ್ಸಲ್ಲಿ ಹೋಗಿದ್ದಾರೆ. ಆಫೀಸು ಇರಬೇಕು, ನಮ್ಮಂಥೋರಿಗಲ್ಲ ಅಂದುಕೊಂಡಿದ್ದರಂತೆ.

ಹೆಬ್ಬಾಳದ ಮೂವತ್ತು ಎಕರೆ

ಮೇಳ ಮುಗಿಸಿ ಬಂದ ರಾತ್ರಿ ನಾನು ಈ ಸಂಸ್ಥೆಯ ಕಥೆ ಓದುತ್ತಾ ಕೂತೆ. ಶುರುವಾಗಿದ್ದು ಇಲ್ಲಿಗೆ ಹತ್ತಿರದ ಹೆಬ್ಬಾಳದಲ್ಲಿ. 1899ರಲ್ಲಿ ಮೈಸೂರಿನ ಮಹಾರಾಣಿ ರೀಜೆಂಟ್ ವಾಣಿವಿಲಾಸ ಸನ್ನಿಧಾನದವರು ಬೆಳೆ ಪ್ರಯೋಗಕ್ಕೆಂದು ಮೂವತ್ತು ಎಕರೆ ಕೊಟ್ಟರು. ಡಾ. ಲೆಹ್ಮನ್ ಅಲ್ಲಿ ಮಣ್ಣು, ಬೆಳೆಗಳ ಅಧ್ಯಯನ ನಡೆಸಿದರು. ಅವರ ನಂತರ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ರೂಢಿಗೆ ತಂದವರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. 1946ರಲ್ಲಿ ಅದು ಕಾಲೇಜಾಯಿತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಬಂತು.

ರಾಗಿಯ ವಿಷಯಕ್ಕೆ ಬಂದರೆ ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರನ್ನು ನೆನೆಯಲೇಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ನಮ್ಮ ನಾಡಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿಗಳನ್ನು ಕೊಟ್ಟವರು ಅವರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಸೇರಿ ಇಂಡಾಫ್. ನಮ್ಮ ಅಜ್ಜಿ ‘ಇಂಡಾಪು ರಾಗಿ’ ಅನ್ನುತ್ತಿದ್ದದ್ದು ನೆನಪಾಯಿತು. ಅದು ಯಾವುದೋ ಊರಿನ ಹೆಸರು ಅಂತ ನಾನು ಅಂದುಕೊಂಡಿದ್ದೆ.

ಇನ್ನು ಅವರೆ. ಹೆಬ್ಬಾಳದ ಹೆಸರು ಫ್ಲೈಓವರಿಗಿಂತ ಮುಂಚೆ ಅವರೆಕಾಯಿಗೆ ಅಂಟಿತ್ತು. ‘ಹೆಬ್ಬಾಳ ಅವರೆ-3’, ‘ಹೆಬ್ಬಾಳ ಅವರೆ-4’ ಅನ್ನುವ ತಳಿಗಳಿವೆ. ನಮ್ಮ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತೆ, ಅದಕ್ಕೇ ಅದು ಮಾಗಿ ಚಳಿಯ ಕಾಯಿ. ಈ ತಳಿಗಳಿಗೆ ಆ ಕಟ್ಟುಪಾಡಿಲ್ಲ, ವರ್ಷದ ಯಾವ ಕಾಲದಲ್ಲಾದರೂ ಬಿತ್ತಬಹುದು. ಬೇಸಿಗೆಯಲ್ಲೂ ನಾವು ಅವರೆಕಾಳಿನ ಉಪ್ಪಿಟ್ಟು ತಿನ್ನುತ್ತಿರುವುದು ಇಂಥ ತಳಿಗಳಿಂದ. "ಆದ್ರೆ ಸೊಗಡು ಇರಲ್ಲ ಬಿಡು" ಅಂತ ಚಿಕ್ಕಪ್ಪ ತೀರ್ಪು ಕೊಟ್ಟರು.

ಹೆಸರಘಟ್ಟದ ಕಡೆ

ಜನವರಿ ಕಳೆದ ಮೇಲೆ ಒಂದು ದಿನ ಹೆಸರಘಟ್ಟಕ್ಕೆ ಹೋದೆವು. ಅಲ್ಲಿ ತೋಟಗಾರಿಕಾ ಮೇಳ ಇತ್ತು. ಈ ಸಲ ಕಾರು ಓಡಿಸಿದ್ದು ನನ್ನ ತಮ್ಮ. ಬಂದದ್ದು ಅಪ್ಪನ ಒತ್ತಾಯಕ್ಕೆ. ದಾರಿಯಲ್ಲಿ ಅವನೊಂದು ಪ್ರಶ್ನೆ ಕೇಳಿದ: "ಅಕ್ಕ, ಮೇಳ ನೋಡಿದ್ರೆ ಇಎಂಐ ಕಟ್ಟೋಕಾಗುತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆ ಬೆಂಗಳೂರಿಗೆ ಕೊಳಾಯಿ ನೀರು ಕೊಟ್ಟ ಮೊದಲ ಜಾಗ, 1894ರ ಕಾಮಗಾರಿ. ಈಗ ಬೆಂಗಳೂರಿಗೆ ಕಾವೇರಿ ಬರುತ್ತೆ, ಹೆಸರಘಟ್ಟ ನೆನಪಾಗುವುದು ಕಡಿಮೆ. ತೋಟಗಾರಿಕಾ ಸಂಸ್ಥೆ ಇರುವುದು ಅದೇ ಕೆರೆಯ ಸೀಮೆಯಲ್ಲಿ. 1967ರಲ್ಲಿ ಹುಟ್ಟಿದ್ದು. ಇಲ್ಲಿಂದ ಬರುವ ತಳಿಗಳ ಹೆಸರೆಲ್ಲ ‘ಅರ್ಕ’ ಅಂತ ಶುರು. ಹಳದಿ ನಂಜುರೋಗ ತಡೆಯುವ ಬೆಂಡೆ ‘ಅರ್ಕ ಅನಾಮಿಕ’, ಎಲೆ ಮುದುಡು ನಂಜುರೋಗ, ದುಂಡಾಣು ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆಯುವ ಟೊಮೆಟೊ ‘ಅರ್ಕ ರಕ್ಷಕ್’. ನಾನು ನಮ್ಮ ತಾರಸಿಯ ಕುಂಡಗಳಿಗೆ ಅನಾಮಿಕ ಬೆಂಡೆ ಬೀಜ ಕೊಂಡೆ.

ತಮ್ಮ ಟೊಮೆಟೊ ಮುಂದೆ ನಿಂತ. ಗೊಂಚಲು ಗೊಂಚಲು ಹಣ್ಣು ನೋಡಿದರೆ ಯಾರಿಗಾದರೂ ಆಸೆ ಆಗಬೇಕು. ಪಕ್ಕದಲ್ಲಿ ಕೋಲಾರದ ಕಡೆಯ ಒಬ್ಬ ರೈತರಿದ್ದರು. ಸುಮ್ಮನೆ ಒಂದೊಂದೇ ಪ್ರಶ್ನೆ ಕೇಳಿದರು. ನೀರು ಇದೆಯಾ? ಡ್ರಿಪ್ ಇದೆಯಾ? ಕೋಲು, ದಾರ, ಕೂಲಿಗೆ ಕೈಯಲ್ಲಿ ದುಡ್ಡು ಇದೆಯಾ? ರೇಟು ಬಿದ್ದರೆ ಒಂದು ಬೆಳೆ ರಸ್ತೆಗೆ ಸುರಿಯುವ ಧೈರ್ಯ ಇದೆಯಾ? ನಾಲ್ಕಕ್ಕೂ ತಮ್ಮ ಇಲ್ಲ ಅಂದ. "ಹಂಗಾದ್ರೆ ಫೋಟೋ ತಕ್ಕೊಂಡು ಹೋಗಪ್ಪ, ಸಸಿ ಬ್ಯಾಡ" ಅಂದರು. ಹೊಸದು ಹಾಕು ಅನ್ನುವವರು ಮೇಳದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಬೇಡ ಅಂತ ಹೇಳುವ ಅನುಭವಸ್ಥರು ಸಿಕ್ಕರೆ ಅವರ ಪಕ್ಕ ಹತ್ತು ನಿಮಿಷ ಜಾಸ್ತಿ ನಿಲ್ಲಬೇಕು.

ತಮ್ಮನ ಮುಖ ಸ್ವಲ್ಪ ಅರಳಿದ್ದು ಹಲಸಿನ ವಿಷಯಕ್ಕೆ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಎಸ್.ಎಸ್. ಪರಮೇಶ್ ಅವರ ಹೊಲದಲ್ಲಿ ಅವರ ತಂದೆ ಸಿದ್ದಪ್ಪನವರು ನೆಟ್ಟ ಒಂದು ಹಲಸಿನ ಮರ. ತಾಮ್ರಗೆಂಪು ತೊಳೆ, ಹಣ್ಣು ಸುಮಾರು ಎರಡೂವರೆ ಕಿಲೋ, ಒಂದು ಮನೆಗೆ ಸರಿಯಾಗಿ ಸಾಕಾಗುವಷ್ಟು. ಈ ಸಂಸ್ಥೆಯವರು ಅದನ್ನು ಗುರುತಿಸಿ ‘ಸಿದ್ದು’ ಅಂತ ತಂದೆಯ ಹೆಸರಿಟ್ಟರು. 2017ರಲ್ಲಿ ಒಪ್ಪಂದ ಮಾಡಿಕೊಂಡು, ಕಸಿ ಸಸಿ ಮಾರಿ ಬಂದ ಹಣದಲ್ಲಿ ಶೇಕಡ 75ರಷ್ಟು ರೈತನಿಗೇ ಸೇರುವ ಹಾಗೆ ಮಾಡಿದರು. "ಒಂದು ಮರಕ್ಕಾ?" ಅಂತ ತಮ್ಮ ಎರಡು ಸಲ ಕೇಳಿದ. ನಮ್ಮ ಪಕ್ಕದ ತೂಬಗೆರೆಯಲ್ಲೂ ಹಲಸು ಬೆಳೆಗಾರರು ಸಂಘ ಕಟ್ಟಿಕೊಂಡಿದ್ದಾರೆ ಅಂತ ಅಲ್ಲೇ ತಿಳಿಯಿತು. ನಮ್ಮ ಹೊಲದ ಬದುವಿನಲ್ಲಿ ನಾಲ್ಕು ಹಲಸಿನ ಮರ ಇವೆ. ಹಣ್ಣನ್ನು ಯಾರು ಕೇಳಿದರೂ ಕೊಟ್ಟುಬಿಡುತ್ತಿದ್ದೆವು, ಉಳಿದದ್ದು ಹಸುವಿಗೆ.

ಹಾಡೋನಹಳ್ಳಿಯ ಪಾಠ

ಏಪ್ರಿಲಿನಲ್ಲಿ ಚಿಕ್ಕಪ್ಪ ಬಟ್ಟೆ ಹಾಸಿ, ಮಣ್ಣು ಬೆರೆಸಿ, ನಾಲ್ಕು ಭಾಗ ಮಾಡಿ, ಸರಿಯಾದ ಮಣ್ಣು ತೆಗೆದುಕೊಂಡು ಹಾಡೋನಹಳ್ಳಿಗೆ ಹೋದರು. ರಿಪೋರ್ಟು ನನಗೆ ವಾಟ್ಸಾಪ್ ಮಾಡಿಸಿದರು. ಸಾವಯವ ಇಂಗಾಲ ಕಡಿಮೆ, ಸತು ಕಡಿಮೆ, ರಂಜಕ ಬೇಕಾದಷ್ಟು ಇದೆ. ರಂಜಕ ಅಂದರೆ ಚಿಕ್ಕಪ್ಪ ಪ್ರತಿ ವರ್ಷ ಸಾಲ ಮಾಡಿಯಾದರೂ ಹಾಕುತ್ತಿದ್ದ ಡಿಎಪಿ ಚೀಲದಲ್ಲಿ ಇರುವುದು. ಇರುವುದನ್ನೇ ತಂದು ಹಾಕುತ್ತಿದ್ದರು, ಇಲ್ಲದ್ದು ತಿಪ್ಪೆಯಲ್ಲಿತ್ತು. ಆ ತಿಪ್ಪೆಗೊಬ್ಬರವನ್ನು ಅವರು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ದ್ರಾಕ್ಷಿ ತೋಟದವರಿಗೆ ಮಾರುತ್ತಿದ್ದರು!

ಅಲ್ಲಿ ಎರಡು ದಿನದ ತರಬೇತಿಗೂ ಕೂತರು. ಬೀಜ ಗಟ್ಟಿಗೊಳಿಸುವುದನ್ನು ಕಲಿತು ಬಂದರು. ಒಂದು ಕಿಲೋ ರಾಗಿಗೆ ಒಂದು ಲೀಟರ್ ನೀರಿನಂತೆ ಆರು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯ ಚೀಲದಲ್ಲಿ ಎರಡು ದಿನ ಬಿಗಿಯಾಗಿ ಕಟ್ಟಿಟ್ಟು, ಮೊಳಕೆ ಕಣ್ಣು ಬಿಡುವ ಹೊತ್ತಿಗೆ ಬಿಚ್ಚಿ ನೆರಳಲ್ಲಿ ಎರಡು ದಿನ ಒಣಗಿಸಿ ಬಿತ್ತುವುದು. ಬಿತ್ತಿದ ಮೇಲೆ ಮಳೆ ಸ್ವಲ್ಪ ಕೈಕೊಟ್ಟರೂ ಇಂಥ ಬೀಜ ತಡೆದುಕೊಳ್ಳುತ್ತೆ. ಖರ್ಚು ನೀರಿನದಷ್ಟೇ.

ತರಬೇತಿಯಲ್ಲಿ ಇನ್ನೊಂದು ವಿಷಯ ಬಂತು: ಬರೀ ರಾಗಿ ಬೇಡ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ. ಚಿಕ್ಕಪ್ಪ ಎದ್ದು ನಿಂತು, "ಸ್ವಾಮಿ, ಇದು ನಮ್ಮವ್ವ ಹಾಕ್ತಿದ್ದ ಅಕ್ಕಡಿ ಸಾಲಲ್ವಾ?" ಅಂದರಂತೆ. ಹೇಳಿಕೊಡುತ್ತಿದ್ದವರು ನಕ್ಕು, "ಹೂಂ ಯಜಮಾನ್ರೇ, ನಿಮ್ಮವ್ವನ ಸಾಲೇ. ನಾವು ಅಳತೆ ಮಾಡಿ ನೋಡಿದ್ವಿ ಅಷ್ಟೇ" ಅಂದರಂತೆ. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಸಾಲು ಬಿಡುತ್ತಿದ್ದದ್ದನ್ನು ನಾನೂ ಚಿಕ್ಕವಳಿದ್ದಾಗ ನೋಡಿದ್ದೇನೆ. ಯಾವಾಗ ನಿಂತಿತು, ಯಾಕೆ ನಿಂತಿತು, ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಇದನ್ನೆಲ್ಲ ಕೇಳುವಾಗ ನನಗೆ ನಮ್ಮ ತಾಲ್ಲೂಕಿನ ಮರಳೇನಹಳ್ಳಿಯ ನಾಡೋಜ ಎಲ್. ನಾರಾಯಣ ರೆಡ್ಡಿಯವರು ನೆನಪಾದರು. ಕೆಲವೇ ಎಕರೆಯ ತಮ್ಮ ತೋಟವನ್ನೇ ಶಾಲೆ ಮಾಡಿಕೊಂಡು, ರಾಸಾಯನಿಕ ಇಲ್ಲದ ಬೇಸಾಯವನ್ನು ಬಂದವರಿಗೆಲ್ಲ ಕಲಿಸಿದವರು. 2019ರ ಜನವರಿಯಲ್ಲಿ ತೀರಿಕೊಂಡರು. ವಿದೇಶಗಳಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಅದೇ ತಾಲ್ಲೂಕಿನ ನಾವು ಹೋಗಲಿಲ್ಲ. ಹತ್ತಿರ ಇದ್ದದ್ದು ಕಣ್ಣಿಗೆ ಬೀಳುವುದಿಲ್ಲ ಅನ್ನುವುದು ನಮ್ಮ ಮನೆಯ ಮಟ್ಟಿಗಂತೂ ನಿಜ.

ಸಂಕ್ರಾಂತಿಯ ಚೀಲ

ಹೋದ ಜುಲೈನಲ್ಲಿ ಒಂದು ಎಕರೆಗೆ ಗಟ್ಟಿಗೊಳಿಸಿದ ರಾಗಿ, ಅದರ ನಡುವೆ ತೊಗರಿ. ಉಳಿದ ಎಕರೆಯಲ್ಲಿ ರಾಗಿ ಜೊತೆ ನಾಟಿ ಅವರೆಯ ಸಾಲು, ಸೊಗಡಿನ ವಿಷಯದಲ್ಲಿ ಚಿಕ್ಕಪ್ಪ ರಾಜಿ ಇಲ್ಲ. ಡಿಎಪಿ ತರಲಿಲ್ಲ. ತಿಪ್ಪೆಗೊಬ್ಬರ ಮಾರಲಿಲ್ಲ. ಆಗಸ್ಟಿನಲ್ಲಿ ಮೂರು ವಾರ ಮಳೆ ಬರಲಿಲ್ಲ. ಆಗ ಚಿಕ್ಕಪ್ಪ ದಿನಾ ಫೋನ್ ಮಾಡುತ್ತಿದ್ದರು, ಮಾತು ಬೇರೆ ಏನೋ ಇರುತ್ತಿತ್ತು, ಕೊನೆಗೆ "ಆ ಕಡೆ ಮೋಡ ಐತಾ?" ಅಂತ ಮುಗಿಯುತ್ತಿತ್ತು. ಪೈರು ಬಾಡಿತು, ಒಣಗಲಿಲ್ಲ. ಆಮೇಲೆ ಬಂದ ಮಳೆಗೆ ಎದ್ದು ಕೂತಿತು.

ಮೊನ್ನೆ ಸಂಕ್ರಾಂತಿಗೆ ಎರಡು ದಿನ ಮುಂಚೆ ತಮ್ಮ ಏರ್‌ಪೋರ್ಟ್ ಬಾಡಿಗೆಗೆ ಬರುವಾಗ ಡಿಕ್ಕಿಯಲ್ಲಿ ಮೂರು ಚೀಲ ಅವರೆಕಾಯಿ ತುಂಬಿಕೊಂಡು ಬಂದಿದ್ದ. ಮನೆ ಮುಂದೆ ಚೀಲ ಬಿಚ್ಚಿದ್ದೇ ತಡ, ಸೊಗಡು ಬೀದಿಗೆಲ್ಲ ಹರಡಿತು. ಎದುರು ಮನೆಯವರು, ಪಕ್ಕದ ಅಪಾರ್ಟ್‌ಮೆಂಟಿನವರು ಎಲ್ಲ ಬಂದರು. ಮಧ್ಯಾಹ್ನದೊಳಗೆ ಎರಡು ಚೀಲ ಖಾಲಿ. ಮೂರನೆಯ ಚೀಲವನ್ನು ಅವನು ಸೊಪ್ಪಿನ ಅಜ್ಜಿಗೆ ಸಗಟು ದರಕ್ಕೆ ಕೊಟ್ಟ. ಅಜ್ಜಿ ಒಂದು ಕಾಯಿ ಬಿಡಿಸಿ ಮೂಸಿ ನೋಡಿ, "ಇದು ಅವರೆ" ಅಂದಳು. ಬೇರೇನೂ ಹೇಳಲಿಲ್ಲ.

ಆ ತಿಂಗಳಲ್ಲಿ ಹೀಗೆ ನಾಲ್ಕು ಸಲ ತಂದ. ಕೊನೆಗೆ ನಾನೇ ಕೇಳಿದೆ, "ಏನಪ್ಪಾ, ಇಎಂಐ ಆಯ್ತಾ?"

"ಎರಡು ತಿಂಗಳದ್ದು ಆಯ್ತು ಅಕ್ಕ. ಹನ್ನೆರಡಕ್ಕೆ ಹತ್ತು ಬಾಕಿ" ಅಂತ ನಕ್ಕ.

ಲೆಕ್ಕ ಲೆಕ್ಕವೇ. ಅವರೆಕಾಯಿ, ತೊಗರಿ, ರಾಗಿ, ಹಾಲು, ಉಳಿದ ಡಿಎಪಿ ದುಡ್ಡು ಎಲ್ಲ ಸೇರಿಸಿದರೂ ಬ್ರೋಕರ್ ಹೇಳಿದ ಮೊತ್ತದ ಹತ್ತಿರ ಬರುವುದಿಲ್ಲ. ಯಾವ ತರಬೇತಿಯೂ ಬೆಂಗಳೂರಿನ ಪಕ್ಕದ ಜಮೀನಿನ ಬೆಲೆಯ ಜೊತೆ ಪೈಪೋಟಿ ಮಾಡಲಾರದು. ನಾಳೆ ಚಿಕ್ಕಪ್ಪ ಮಾರಿದರೆ ನಾನು ಬೇಡ ಅನ್ನುವ ಅಧಿಕಾರ ನನಗಿಲ್ಲ. ರಾಗಿ ಹೊಲದ ಮೇಲೆ ಕಟ್ಟಿದ ಮನೆಯಲ್ಲಿ ಕೂತು ಆ ಮಾತು ಆಡುವ ಬಾಯಿಯೂ ನನಗಿಲ್ಲ. ಆದರೆ ಈ ಒಂದು ವರ್ಷದಲ್ಲಿ ಒಂದು ಬದಲಾಗಿದೆ. ಮೊದಲು ನಮ್ಮ ಹೊಲದ ಲೆಕ್ಕ ಗೊತ್ತಿದ್ದದ್ದು ಕೊಳ್ಳುವವನಿಗೆ ಮಾತ್ರ. ಈಗ ಚಿಕ್ಕಪ್ಪನಿಗೂ ಗೊತ್ತು. ಬ್ರೋಕರ್ ಮತ್ತೆ ಫೋನ್ ಮಾಡಿದಾಗ ಅವರು, "ಎರಡು ವರ್ಷ ಬುಟ್ಟು ಮಾಡಪ್ಪ, ಆವಾಗ ಮಾತಾಡಾನ" ಅಂದರಂತೆ. ಹೆದರಿ ಹೇಳಿದ್ದಲ್ಲ, ನೋಡಿ ಹೇಳಿದ್ದು.

ಬದುವಿನಲ್ಲಿ ಆರು ಕಸಿ ಹಲಸು ನೆಟ್ಟಿದ್ದಾರೆ. ಫಲಕ್ಕೆ ನಾಲ್ಕೈದು ವರ್ಷ ಕಾಯಬೇಕು. ನೀರು ಹಾಕುವ ಕೆಲಸ ತಮ್ಮನದು, ಅವನೇ ಕೇಳಿ ತಗೊಂಡದ್ದು.

ಊರಲ್ಲಿ ಒಂದು ಎಕರೆಯೋ ಅರ್ಧ ಎಕರೆಯೋ ಇರುವ ಓದುಗರು ನಮ್ಮಲ್ಲಿ ತುಂಬಾ ಜನ ಇದ್ದೀರಿ. ನಿಮಗೆ ಒಂದು ಮಾತು. ನವೆಂಬರಿನಲ್ಲಿ ಜಿಕೆವಿಕೆ ಮೇಳಕ್ಕೆ ಹೋಗುವುದಾದರೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಯಂತ್ರಗಳಿಗಿಂತ ಮೊದಲು ಬೆಳೆ ತಾಕುಗಳಿಗೆ ಹೋಗಿ. ಅಲ್ಲಿಗೆ ಬರಲಾಗದವರು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಎಲ್ಲಿದೆ ಅಂತ ವಿಚಾರಿಸಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೂ ಹೇಳುತ್ತಾರೆ. ಮಣ್ಣು ತೆಗೆದುಕೊಂಡು ಹೋಗಿ. ತಿಪ್ಪೆ ಪಕ್ಕದ್ದು ಮಾತ್ರ ಬೇಡ.

ವಿದ್ಯಾರಣ್ಯಪುರಕ್ಕೆ ಬಂದರೆ ನಮ್ಮ ಮನೆಗೂ ಬನ್ನಿ. ‘ನೋಡೋಕೆ ಏನಿದೆ’ ಅಂತ ನಾನು ಈಗ ಹೇಳುವುದಿಲ್ಲ. ತಾರಸಿಯಲ್ಲಿ ಅನಾಮಿಕ ಬೆಂಡೆ ಬಿಟ್ಟಿದೆ.